ನಿಂತ ಲಾರಿಗೆ ಕಾಲಂ ಇಲ್ಲ

೩ ಫೆಬ್ರವರಿ ೧೯೯೯, ಹುಮನಾಬಾದ್

ಕ್ರಾಂತಿ ಸ್ವಲ್ಪ ತಡವಾಗುತ್ತಿರುವುದರಿಂದ ಸದ್ಯಕ್ಕೆ ಲಾರಿ ಎಣಿಸುವ ಕೆಲಸ ಒಪ್ಪಿಕೊಂಡಿದ್ದೇನೆ.

ಹೈದರಾಬಾದಿನ ಒಂದು ಕಂಪನಿ ಸರ್ಕಾರದ ಪರವಾಗಿ ನಮ್ಮ ಹೆದ್ದಾರಿಯ ಅಧ್ಯಯನಕ್ಕೆ ಬಂದಿದೆ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ರಸ್ತೆ ಊರ ನಡುವೆ ಹಾಯುತ್ತದೆ. ಬೀದರಿನಿಂದ ಗುಲಬರ್ಗಾಕ್ಕೆ ಹೋಗುವ ರಸ್ತೆ ಅದನ್ನು ಅಡ್ಡ ಕತ್ತರಿಸುತ್ತದೆ. ಕತ್ತರಿಸುವ ಜಾಗದಲ್ಲೇ ನಮ್ಮ ಮನೆ. ಲಾರಿಗಳು ಅಲ್ಲಿ ಕೋಡಿಗೆ ಕೋಡು ಸಿಕ್ಕಿಸಿಕೊಂಡ ಕೋಣಗಳ ಹಾಗೆ ನಿಂತುಬಿಡುತ್ತವೆ. ಸಾಲಿನ ಬಾಲ ಊರಾಚೆ ಹೋಗುತ್ತದೆ. ಶಾಲೆಯ ಹುಡುಗಿಯರು ಟ್ರೇಲರಿನ ಹೊಟ್ಟೆಯ ಕೆಳಗೆ ನುಸುಳಿ ದಾಟುತ್ತಾರೆ. ನಾನೂ ಹಾಗೆ ನುಸುಳಿಯೇ ಮೆಟ್ರಿಕ್ ಪಾಸಾದವಳು.

ಕಂಪನಿ ಮೂರರಲ್ಲಿ ಒಂದು ಹೇಳಲಿದೆ. ಊರೊಳಗಿನ ರಸ್ತೆಯನ್ನೇ ಅಗಲ ಮಾಡಬೇಕು, ಇಲ್ಲವೇ ಊರ ಹೊರಗಿನಿಂದ ಬೈಪಾಸ್ ಹಾಕಬೇಕು, ಇಲ್ಲವೇ ಇದ್ದದ್ದು ಇದ್ದ ಹಾಗೆ ಇರಲಿ. ನನ್ನ ನಿಲುವು ಜಗತ್ತಿಗೇ ಗೊತ್ತು: ಬೈಪಾಸ್. ಹೋದ ವರ್ಷ ‘ಊರಿನ ಎದೆಯ ಮೇಲೆ ಲಾರಿ ಚಕ್ರ’ ಎಂಬ ಕರಪತ್ರ ಬರೆದು ಐನೂರು ಪ್ರತಿ ಅಚ್ಚು ಹಾಕಿಸಿದೆ. ನಲವತ್ತು ಹಂಚಿದೆ. ಉಳಿದವನ್ನು ಅವ್ವ ಡ್ರೈವರುಗಳಿಗೆ ರೊಟ್ಟಿ ಕಟ್ಟಿಕೊಡಲು ಬಳಸುತ್ತಿದ್ದಾಳೆ. ಹೀಗಾಗಿ ನನ್ನ ಕೃತಿ ಪುಣೆಯವರೆಗೂ ಹೋಗಿದೆ. ಓದುಗರು ಅದಕ್ಕೆ ಕೈ ಒರೆಸಿಕೊಂಡಿದ್ದಾರೆ.

ಅಪ್ಪ ಹೋದ ಮೇಲೆ ಅವ್ವ ಮನೆಯ ಮುಂದಿನ ಕೋಣೆಯಲ್ಲಿ ಖಾನಾವಳಿ ಇಟ್ಟು ನನ್ನನ್ನು ಬಿ.ಎ. ಓದಿಸಿದಳು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ‘ಮಾಣಿಕಮ್ಮನ ಖಾನಾವಳಿ’ ಎಂದರೆ ಲಾರಿಯವರಿಗೆ ಮೈಲಿಗಲ್ಲು. ಉಣ್ಣುವವರೆಲ್ಲ ಅವರೇ. ಅಂದರೆ ನಾನು ಬೈಪಾಸ್ ಕೇಳುವುದೆಂದರೆ ಅವ್ವನ ಗಿರಾಕಿಗಳನ್ನು ಊರ ಹೊರಗೆ ಅಟ್ಟಿ ಎಂದು ಕೇಳುವುದು. ಇದನ್ನು ‘ವೈಯಕ್ತಿಕ ಹಿತ ಮತ್ತು ಸಾಮೂಹಿಕ ಹಿತದ ದ್ವಂದ್ವ’ ಎನ್ನುತ್ತಾರೆ. ಅವ್ವ ಬೇರೆ ಏನೋ ಅಂದಳು.

“ಲಾರಿ ಊರ ಹೊರಗ ಹೋದ್ರ ನಾ ರೊಟ್ಟಿ ಯಾರಿಗಿ ಬಡೀಲಿ? ನಿನ್ನ ಪಾಂಪ್ಲೆಟಿಗೇನು?”

“ಅವ್ವಾ, ಇದು ನಿನ್ನ ಒಬ್ಬಾಕಿ ಪ್ರಶ್ನಿ ಅಲ್ಲ. ಜನತಾದ ಪ್ರಶ್ನಿ.”

“ಜನತಾ ಸಂಜಿಗಿ ಉಣ್ಣಾಕ ಬರೋದಿದ್ರ ಹೇಳು, ಎರಡು ಹೆಚ್ಚಿಗಿ ಬಡೀತೀನಿ.”

೬ ಫೆಬ್ರವರಿ

ಪ್ರವಾಸಿ ಮಂದಿರದಲ್ಲಿ ತರಬೇತಿ. ಕಂಪನಿಯ ಇಂಜಿನಿಯರ್ ಜಲಾಲುದ್ದೀನ್ ಸಾಹೇಬರು ನಡುವಯಸ್ಸಿನವರು, ಮೂಲತಃ ಬೀದರಿನವರಂತೆ. ಸಿಟ್ಟೇ ಬಾರದ ಮನುಷ್ಯ. ಸಿಟ್ಟು ಬಾರದವರನ್ನು ನಾನು ನಂಬುವುದಿಲ್ಲ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು: ಲಾರಿ, ಟ್ರೇಲರ್, ಬಸ್ಸು, ಜೀಪು, ಎತ್ತಿನ ಗಾಡಿ, ಸೈಕಲ್ಲು, ಒಂದೊಂದಕ್ಕೆ ಒಂದು ಕಾಲಂ. ನಮ್ಮ ಮುಂದೆ ಹಾದರೆ ಒಂದು ಗೀಟು.

ನಾನು ಎದ್ದು ನಿಂತು ಕೇಳಿದೆ: “ಸರ್, ಈ ಅಧ್ಯಯನದ ವರ್ಗದೃಷ್ಟಿ ಯಾವುದು?”

“ಬೇಟಿ, ಹಾದದ್ದಕ್ಕ ಗೀಟು ಹಾಕು. ಹಾಯದೇ ಇದ್ದದ್ದಕ್ಕ ಹಾಕಬ್ಯಾಡ. ಇಷ್ಟೇ ನಮ್ಮ ದೃಷ್ಟಿ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನನಗೆ ಜೊತೆಗಾರ. ಅಶೋಕಕುಮಾರ, ಬಸವಕಲ್ಯಾಣದವನು, ಮನೆಯಲ್ಲಿ ಲಾರಿಗಳಿವೆ. ಆ ಊರಲ್ಲಿ ಕೋಳಿ ಸಾಕಿದ ಹಾಗೆ ಲಾರಿ ಸಾಕುತ್ತಾರೆ. ಅಂದರೆ ಶತ್ರುಪಾಳಯದ ಪ್ರತಿನಿಧಿ ಒಂದು ವಾರ ನನ್ನ ಪಕ್ಕದ ಕುರ್ಚಿಯಲ್ಲಿ.

ಆಮೇಲೆ ಚಹಾ ಅಂಗಡಿಯಲ್ಲಿ ಯಾರೋ ಕೇಳಿದ್ದಕ್ಕೆ ಸಾಹೇಬರು ಸರಳವಾಗಿ ತಿಳಿಸಿದರು. ಲಾರಿ ಬಹಳ ಹಾದರೆ ಬೈಪಾಸ್, ಸುಮಾರಾಗಿ ಹಾದರೆ ಅಗಲೀಕರಣ, ಕಡಿಮೆ ಹಾದರೆ ಇದ್ದ ಹಾಗೆ ಬಿಡುವುದು. ಪಕ್ಕದ ಬೆಂಚಿನಲ್ಲಿ ಹಾರ್ಡ್‌ವೇರ್ ಅಂಗಡಿಯ ಮಹಾರುದ್ರಪ್ಪ ಕಾಕಾ ಕೂತಿದ್ದರು. ರಸ್ತೆಬದಿ ಅಂಗಡಿಕಾರರ ಸಂಘಕ್ಕೆ ಅವರೇ ಅಧ್ಯಕ್ಷರು. ಈ ಮಾತು ಕೇಳಿದ ಮೇಲೆ ಅವರ ಚಹಾ ಬಟ್ಟಲಲ್ಲೇ ತಣ್ಣಗಾಯಿತು. ವಿಜ್ಞಾನದ ಮಾತು ವ್ಯಾಪಾರಿಯನ್ನೂ ಚಿಂತನೆಗೆ ಹಚ್ಚುತ್ತದೆ ಎಂದು ನನಗೆ ಬಹಳ ಸಂತೋಷವಾಯಿತು.

೧೪ ಫೆಬ್ರವರಿ

ಶಿವರಾತ್ರಿ. ಖಾನಾವಳಿಗೆ ರಜೆ, ಆದರೂ ಅಂಗಡಿಕಾರರೆಲ್ಲ ಮಧ್ಯಾಹ್ನ ನಮ್ಮ ಮುಂದಿನ ಕೋಣೆಯಲ್ಲಿ ಕೂಡಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲಿಸಿ ಉಪವಾಸದ ಮಹಿಮೆ ಎತ್ತಿಕೊಂಡರು. ಎಲ್ಲರಿಗಿಂತ ಚೆನ್ನಾಗಿ ಮಾತಾಡಿದವರು ಮಹಾರುದ್ರಪ್ಪ ಕಾಕಾ. ಅವರ ಬಾಯಲ್ಲಿ ಎಲೆ ಅಡಿಕೆ ಇತ್ತು.

ನಾಳೆಯಿಂದ ಎಣಿಕೆ. ಇತಿಹಾಸದ ಮುನ್ನಾದಿನ ನಿದ್ದೆ ಬರುವುದಿಲ್ಲ ಎಂದು ಓದಿದ್ದೇನೆ. ನನಗೆ ಈಗಲೇ ಬರುತ್ತಿದೆ.

೧೫ ಫೆಬ್ರವರಿ

ಲಾರಿಗಳಿಲ್ಲ.

ಮುಂಜಾನೆ ಒಂದಿಷ್ಟು ಬಂದವು, ಆಮೇಲೆ ನಲ್ಲಿ ನಿಂತ ಹಾಗೆ ನಿಂತುಹೋದವು. ಊರು ಲಾರಿಗಳಿಂದ ಉಸಿರುಗಟ್ಟಿದೆ ಎಂದು ಕಂಡಕಂಡಲ್ಲಿ ಭಾಷಣ ಮಾಡಿದವಳು ನಾನು. ಸಾಕ್ಷಿಯ ದಿನ ನಡುರಸ್ತೆಯಲ್ಲಿ ಒಂದು ನಾಯಿ ಕಾಲು ಚಾಚಿ ಮಲಗಿತ್ತು. ಶಾಲೆ ಬಿಟ್ಟಾಗ ಹುಡುಗಿಯರು ಐದಾರು ಮಂದಿ ಕೈ ಕೈ ಹಿಡಿದು ಹೆದ್ದಾರಿಯ ನಟ್ಟನಡುವೆ ನಡೆದು ಬಂದರು, ಏನೋ ಹಾಡಿಕೊಳ್ಳುತ್ತ. ನನ್ನ ಕರಪತ್ರದ ಕೊನೆಯ ಪ್ಯಾರಾ ಎದ್ದು ನಡೆಯುತ್ತಿದ್ದ ಹಾಗಿತ್ತು. ನೋಡಿ ಕಣ್ಣು ತುಂಬಿತು. ಎರಡೇ ನಿಮಿಷ. ಆಮೇಲೆ ನನ್ನ ಮಾನದ ಚಿಂತೆ ಹತ್ತಿತು.

ಬಂಡವಾಳಶಾಹಿಗಳು ಒಟ್ಟಾಗಿ ನನ್ನ ವಾದ ಸುಳ್ಳು ಮಾಡಲು ಲಾರಿ ನಿಲ್ಲಿಸಿದ್ದಾರೆ ಎಂಬ ಸಿದ್ಧಾಂತವನ್ನು ಅಶೋಕಕುಮಾರನಿಗೆ ವಿವರಿಸಿದೆ.

“ನಿಮ್ಮ ಸಲುವಾಗಿ?” ಎಂದ. “ನಿಮ್ಮ ಹೆಸರಾದ್ರೂ ಕೇಳ್ಯಾರೇನ್ರಿ ಅವರು?”

ಮನೆಗೆ ಬಂದರೆ ಖಾನಾವಳಿಯೂ ಖಾಲಿ. ವಿಚಿತ್ರವೆಂದರೆ ಅವ್ವ ಆ ಖಾಲಿ ಕೋಣೆಯಲ್ಲಿ ಕೂತು ದಿನಕ್ಕಿಂತ ಎರಡು ಪಟ್ಟು ರೊಟ್ಟಿ ಬಡಿಯುತ್ತಿದ್ದಳು. ಯಾರಿಗೆ ಎಂದು ಕೇಳಿದೆ.

“ಜನತಾಕ್ಕ,” ಎಂದಳು.

೧೬ ಫೆಬ್ರವರಿ

ಇವತ್ತು ಬಹಳ ಬರೆಯಬೇಕಿದೆ.

ಅಶೋಕಕುಮಾರ ಬೆಳಿಗ್ಗೆಯಿಂದ ಕಲ್ಯಾಣದ ದಿಕ್ಕನ್ನೇ ನೋಡುತ್ತಿದ್ದ. ಮುಖ ಇಳಿದಿತ್ತು. “ನಮ್ಮ ಲಾರಿ ಮುಂಜಾನಿ ಕಲ್ಯಾಣ ಬಿಟ್ಟದರಿ. ಯುನೂಸ್ ಚಾಚಾ ನಡಸಾಕತ್ತಾನ. ಹ್ಯಾಂಗ ಬಂದ್ರೂ ತಾಸಿನ ಹಾದಿ. ಇನ್ನಾ ಬಂದಿಲ್ಲ.” ಪಂಕ್ಚರ್ ಆಗಿರಬೇಕು ಎಂದೆ. ಯುನೂಸ್ ಚಾಚಾ ನನಗೂ ಬೇಕಾದವರು. ಅವ್ವನ ಹಳೆಯ ಗಿರಾಕಿ. ಊರೂರಿನಿಂದ ನನಗೆ ಕರಪತ್ರ ತಂದುಕೊಡುತ್ತಾರೆ. ಕನ್ನಡ ಓದಲು ಬಾರದ್ದರಿಂದ ಒಮ್ಮೆ ಮೂಲವ್ಯಾಧಿ ಔಷಧದ ಜಾಹೀರಾತನ್ನೂ ತಂದಿದ್ದರು. ಅದನ್ನೂ ಓದಿದೆ.

ಆಗ ಊರ ಹಿಂದಿನಿಂದ, ಹೊಲಗಳ ಕಡೆಯಿಂದ, ಉದ್ದನೆಯ ಹಾರ್ನ್ ಕೇಳಿಸಿತು.

ಅಶೋಕಕುಮಾರ ಎದ್ದು ನಿಂತ. “ಅದು ನಮ್ಮ ಲಾರಿದೇ ಭೋಂಗಾ! ಹೊಲದಾಗ ಏನ್ ಮಾಡಾಕತ್ತದ?”

ಊಟದ ಬಿಡುವಿನಲ್ಲಿ ಇಬ್ಬರೂ ಹೋದೆವು. ಊರ ಹಿಂದೆ ಹೊಲಗಳ ನಡುವೆ ಒಂದು ಹಳೆಯ ಬಂಡಿದಾರಿ ಇದೆ. ಊರನ್ನು ಬಳಸಿ ಮತ್ತೆ ಹೆದ್ದಾರಿಗೇ ಕೂಡುತ್ತದೆ. ಅದರ ಮೇಲೆ ಧೂಳಿನ ಗೋಡೆ ಎದ್ದಿತ್ತು, ಗೋಡೆಯೊಳಗೆ ಒಂದರ ಹಿಂದೆ ಒಂದು ಲಾರಿ. ದಾರಿ ಕವಲೊಡೆಯುವಲ್ಲಿ ಮಹಾರುದ್ರಪ್ಪ ಕಾಕಾ ಕೆಂಪು ಟವೆಲ್ ಬೀಸುತ್ತ ಕೂಗುತ್ತಿದ್ದರು: “ಊರಾಗ ಪೂಲ್ ಕುಸದದರಿ! ಈ ಕಡಿಂದ ಹೋಗ್ರಿ, ಈ ಕಡಿಂದ!”

ಹೆದ್ದಾರಿಯ ಮೇಲೆ ನಮ್ಮೂರಲ್ಲಿ ಸೇತುವೆಯೇ ಇಲ್ಲ.

ಅನುಮಾನಿಸಿದ ಡ್ರೈವರಿಗೆ ಸಂಘದವರು ಬುಟ್ಟಿಯಿಂದ ಒಂದು ಪೊಟ್ಟಣ ತೆಗೆದು ಕೊಡುತ್ತಿದ್ದರು. ಅವ್ವನ ರೊಟ್ಟಿ, ನನ್ನ ಕರಪತ್ರದಲ್ಲಿ. ಧೂಳಿನಿಂದ ಯುನೂಸ್ ಚಾಚಾನ ತಲೆ ಹೊರಬಂತು. “ವಿಜಿ ಬೇಟಿ, ಪೂಲ್ ಬಿದ್ದದಂತ, ಖರೆ ಏನು? ನಿಮ್ಮವ್ವ ಚಲೋ ಅದಾಳಿಲ್ಲ?”

ಚಲೋ ಇದ್ದಾಳೆ ಚಾಚಾ, ನನಗಿಂತ ಚಲೋ ಇದ್ದಾಳೆ.

ಲಾರಿ ಕಡಿಮೆ ಕಂಡರೆ ರಸ್ತೆ ಇದ್ದ ಹಾಗೆ ಉಳಿಯುತ್ತದೆ ಎಂದು ಇವರ ಲೆಕ್ಕ. ಬೈಪಾಸ್ ಬೇಡ ಎಂದು ತೋರಿಸಲು ಬೈಪಾಸನ್ನೇ ಮಾಡಿಟ್ಟಿದ್ದಾರೆ! ಎಷ್ಟೋ ಸರ್ಕಾರಗಳಿಂದ ಆಗದ್ದನ್ನು ಅಂಗಡಿಕಾರರ ಸಂಘ ಒಂದು ಶಿವರಾತ್ರಿಯಲ್ಲಿ, ಒಂದು ಟವೆಲ್ಲಿನಲ್ಲಿ ಮಾಡಿ ಮುಗಿಸಿದೆ. ಅಶೋಕಕುಮಾರ ಬದುವಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ನಗು ಬಂತು. ಸಿದ್ಧಾಂತದ ಕಾರಣದಿಂದ ತಡೆದುಕೊಂಡೆ.

ಸಂಜೆ ಅವ್ವನನ್ನು ಕೇಳಿದೆ. “ನೀನೂ ಅದಿಯೇನು ಇದ್ರಾಗ?”

“ಅದೀನಿ. ರೊಟ್ಟಿ ನಂದು, ಕಾಗದ ನಿಂದು.”

“ಇದು ಮೋಸ ಅವ್ವಾ.”

“ಹೌದು.” ಸುಳ್ಳು ಹೇಳುವ ಗೋಜಿಗೂ ಹೋಗಲಿಲ್ಲ. “ರಸ್ತಾ ಅಗಲ ಮಾಡಿದ್ರ ಮುಂದಿನ ಕೋಣಿ ಹೋಗ್ತದ. ಬೈಪಾಸ್ ಆದ್ರ ಲಾರಿ ಹೋಗ್ತಾವ. ಎರಡರಾಗ ಯಾವುದಾದ್ರೂ ಒಲಿ ಆರ್ತದ. ಒಲಿ ಆರಿದ ಮ್ಯಾಗ ಹ್ಯಾಂಗ ಅಂತ ನಿನ್ನ ಯಾವ ಪುಸ್ತಕದಾಗರ ಬರದಿದ್ರ ಓದಿ ಹೇಳು. ನಾ ಸುಮ್ಮ ಕೂತು ಕೇಳ್ತೀನಿ.”

ಟ್ರಂಕು ತೆಗೆದು ನನ್ನ ಪುಸ್ತಕ, ಕರಪತ್ರ ಎಲ್ಲವನ್ನೂ ಹೊರಗೆ ಹರಡಿದೆ. ಅಣೆಕಟ್ಟಿನಲ್ಲಿ ಮುಳುಗಿದವರ ಬಗ್ಗೆ ಇದೆ. ಬೀಡಿ ಕಟ್ಟುವವರ ಬಗ್ಗೆ ಇದೆ. ಗಿರಣಿ, ಗಣಿ, ಕಾಡು, ಎಲ್ಲ ಇದೆ. ಖಾನಾವಳಿ ಎಲ್ಲೂ ಇಲ್ಲ.

೧೭ ಫೆಬ್ರವರಿ

ಸಾಹೇಬರಿಗೆ ಹೇಳಿಬಿಟ್ಟೆ.

‘ಸತ್ಯವು ತನ್ನ ತಾಯಿಯನ್ನೂ ಕೇಳಿ ಹೆಜ್ಜೆಯಿಡುವುದಿಲ್ಲ’ ಎಂದು ಶುರುವಾಗುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಬಾಯಿಂದ ಬಂದದ್ದು: “ಸರ್, ಲಾರಿ ಹಿಂದಿನ ಹಾದೀಲಿಂದ ಹೊಂಟಾವ. ನಮ್ಮವ್ವನೂ ಅದಾಳ ಅದ್ರಾಗ.”

ಭೇಷ್ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಲಾರಿ ಎಣಿಸಲು ಹೊಸ ಠಾಣೆ ಹಾಕಬೇಕು, ಎಣಿಕೆ ಮೊದಲಿನಿಂದ ಮಾಡಬೇಕು, ಹೈದರಾಬಾದಿಗೆ ಉತ್ತರ ಕೊಡಬೇಕು. “ಬೇಟಿ,” ಎಂದರು, “ಇದನ್ನ ನಾ ಊರು ಬಿಟ್ಟ ಮ್ಯಾಗ ಹೇಳಾಕ ಬರ್ತಿರಲಿಲ್ಲೇನು?”

ತತ್ವಕ್ಕಾಗಿ ಹೇಳಿದೆ ಎಂದು ಬರೆಯಲು ಕೂತೆ. ಬರೆದು ಹೊಡೆದು ಹಾಕಿದೆ. ಆ ಹುಡುಗಿಯರು ರಸ್ತೆಯ ನಡುವೆ ಕೈ ಹಿಡಿದು ಬಂದದ್ದು ಕಣ್ಣಿಗೆ ಕಟ್ಟಿದ್ದರಿಂದ ಹೇಳಿದೆ.

ಅವ್ವನಿಗೂ ನಾನೇ ಹೋಗಿ ಹೇಳಿದೆ. ಅವಳು ಹಿಟ್ಟಿನ ಕೈ ತೊಳೆದುಕೊಂಡು ಒಳಗೆ ಹೋದಳು.

೧೮ ಫೆಬ್ರವರಿ

ಹೊಸ ಠಾಣೆ ಬಂಡಿದಾರಿಯಲ್ಲಿ. ಸಾಹೇಬರು ಅಲ್ಲಿಗೆ ನನ್ನನ್ನೂ ಅಶೋಕಕುಮಾರನನ್ನೂ ಹಾಕಿದ್ದಾರೆ. ನೆರಳಿಗೆ ಒಂದು ಬೇವಿನ ಮರ, ಉಳಿದದ್ದೆಲ್ಲ ಧೂಳು.

ಮಹಾರುದ್ರಪ್ಪ ಕಾಕಾನಿಗೆ ಗುಟ್ಟು ಬಯಲಾದದ್ದು ತಿಳಿದು, ಲಾರಿಗಳನ್ನು ಊರೊಳಗೆ ವಾಪಸು ಕರೆಯಲು ಇವತ್ತು ಬಿಳಿ ಟವೆಲ್ ತಂದಿದ್ದರು. “ಪೂಲ್ ರಿಪೇರಿ ಆಗ್ಯದರಿ! ಊರಾಗಿಂದ ಬರ್ರಿ!” ಒಬ್ಬನೂ ತಿರುಗಲಿಲ್ಲ. ಹುಮನಾಬಾದಿನಲ್ಲಿ ಜಾಮ್ ಇಲ್ಲದ ಹೊಸ ದಾರಿ ಆಗಿದೆ ಎಂಬ ಸುದ್ದಿ ಆಗಲೇ ಸೊಲ್ಲಾಪುರ ಮುಟ್ಟಿತ್ತು. ಒಬ್ಬ ಡ್ರೈವರ್ ಕಾಕಾನಿಗೆ ಕೈ ಮುಗಿದು, “ದೇವರಂಥಾ ಕೆಲಸ ಮಾಡೀರಿ ಯಜಮಾನ್ರ,” ಎಂದು ಹೇಳಿ ಹೋದ. ಕಾಕಾ ಅಳುವುದೊಂದು ಬಾಕಿ.

ಅವ್ವ ನನ್ನ ಜೊತೆ ಮಾತಾಡುತ್ತಿಲ್ಲ. ಗಿರಾಕಿಗಳ ಮೂಲಕ ಹೇಳಿಸೋಣವೆಂದರೆ ಗಿರಾಕಿಗಳಿಲ್ಲ. ಆದ್ದರಿಂದ ಬೆಕ್ಕಿಗೆ ಹೇಳುತ್ತಾಳೆ: “ಆ ಎಣಸಾಕಿಗಿ ಹೇಳು, ಅನ್ನ ಆಗ್ಯದ.” ಬೆಕ್ಕು ನನ್ನ ಕಡೆ ನೋಡುತ್ತದೆ. ಅದೂ ಸಂಘದ ಪರವಾಗಿದೆ.

ಮುಂದಿನ ಕೋಣೆಯ ಬೆಂಚುಗಳನ್ನು ಅವಳು ಒರೆಸಿ ಒಂದರ ಮೇಲೊಂದು ಹೇರಿ ಇಟ್ಟಿದ್ದಾಳೆ. ನಾನು ಹುಟ್ಟಿದಾಗಿನಿಂದ ಆ ಬೆಂಚುಗಳ ಕಾಲು ಮೇಲಾಗಿದ್ದು ನೋಡಿಲ್ಲ.

೧೯ ಫೆಬ್ರವರಿ

ಮಧ್ಯಾಹ್ನದ ಹೊತ್ತಿಗೆ ಯುನೂಸ್ ಚಾಚಾ ಹೈದರಾಬಾದಿನಿಂದ ಮಾಲು ತುಂಬಿಕೊಂಡು ವಾಪಸು ಬಂದರು. ಮಹಾರುದ್ರಪ್ಪ ಕಾಕಾನ ಹೊಲದ ಮಗ್ಗುಲಲ್ಲಿ ಒಂದು ಹಳೆಯ ಮೋರಿ ಇದೆ, ಎತ್ತಿನ ಗಾಡಿಗೆಂದು ಹಾಸುಗಲ್ಲು ಹಾಕಿದ್ದು. ಚಾಚಾನ ಲಾರಿಯ ಹಿಂದಿನ ಚಕ್ರ ಅದನ್ನು ಮುರಿದುಕೊಂಡು ಒಳಗೆ ಕೂತಿತು.

ಕಾಕಾ ಕೂಗಿ ಕೂಗಿ ಹೇಳಿದ ಸುಳ್ಳು ಈಗ ನಿಜವಾಯಿತು: ಪೂಲ್ ಕುಸಿಯಿತು. ಎರಡೂ ಕಡೆಯ ಲಾರಿಗಳು ನಿಂತವು. ಹಿಂದಿನವರಿಗೆ ತಾಳ್ಮೆ ಎಲ್ಲಿಯದು? ಬದು ಹತ್ತಿ ಕಾಕಾನ ಕಡಲೆ ಹೊಲಕ್ಕೆ ನುಗ್ಗಿ ಅಲ್ಲಿಯೂ ಸಿಕ್ಕಿಕೊಂಡರು. ಕಾಕಾ ಟವೆಲ್ಲಿನ ಬಣ್ಣವನ್ನೇ ಮರೆತು ಎರಡನ್ನೂ ಒಟ್ಟಿಗೆ ಬೀಸುತ್ತ ಹೊಲದ ತುಂಬ ಓಡಾಡಿದರು. “ಏಯ್, ಕಡಲಿ! ಕಡಲಿ ನೋಡ್ರೋ!”

ಅಶೋಕಕುಮಾರ ಜಾಕು ತರಲು ಊರಿಗೆ ಓಡಿದ. ಒಂದು ತಾಸಿನ ಮೇಲೆ ಆಟೋದಲ್ಲಿ ಬಂದ. ಆಟೋದಲ್ಲಿ ಜಾಕು, ಜಾಕಿನ ಪಕ್ಕ ಹಿಟ್ಟಿನ ಡಬ್ಬಿ, ಹೆಂಚು, ಕೊಡ, ಅವುಗಳ ನಡುವೆ ಅವ್ವ. ಅವಳು ಇಳಿದು ಸಾಲಿನ ಈ ತುದಿ ಆ ತುದಿ ನೋಡಿದಳು. ಬೆಕ್ಕು ಅಲ್ಲಿರಲಿಲ್ಲ, ಹಾಗಾಗಿ ನನಗೇ ಹೇಳಬೇಕಾಯಿತು.

“ಏಯ್ ಎಣಸಾಕಿ, ಮೂರು ಕಲ್ಲು ತಗೊಂಡು ಬಾ.”

ತಂದೆ. ಮತ್ತೆ ಮೂರು ಎಂದಳು, ತಂದೆ. ಬದುವಿನಲ್ಲಿ ಒಣ ತೊಗರಿಕಟ್ಟಿಗೆ ಇತ್ತು, ಕಾಕಾನದ್ದೇ. ಎರಡು ಒಲೆ ಹತ್ತಿದವು. ಒಂದು ಅವಳಿಗೆ, ಇನ್ನೊಂದರ ಮುಂದೆ ನಾನು ಯಾಕೆ ಕೂತೆನೋ ಗೊತ್ತಿಲ್ಲ, ಅವಳು ಹೇಳಿರಲಿಲ್ಲ. ಬಿ.ಎ. ಪದವೀಧರೆ, ಕರಪತ್ರಕಾರ್ತಿ, ಮನೆಯಲ್ಲಿ ಒಂದು ದಿನವೂ ಹಿಟ್ಟು ನಾದದವಳು. ನೀರು ಕುದಿಯದೆ ಹಿಟ್ಟಿಗೆ ಹಾಕಿದರೆ ರೊಟ್ಟಿ ಹರಿಯುತ್ತದೆ ಎಂದು ಇಪ್ಪತ್ತೆರಡನೆಯ ವಯಸ್ಸಿಗೆ ತಿಳಿಯಿತು.

ನನ್ನ ಮೊದಲ ರೊಟ್ಟಿಯನ್ನು ಯುನೂಸ್ ಚಾಚಾ ಬೆಳಕಿಗೆ ಹಿಡಿದು ನೋಡಿದರು. “ಬೇಟಿ, ಇದು ರೊಟ್ಟಿ ಏನು, ಬೀದರ ಜಿಲ್ಲಾದ ನಕಾಶಿ ಏನು? ಔರಾದ್ ಎಲ್ಲದ ಹೇಳು, ಆ ಕಡಿಂದ ಮುರೀತೀನಿ.”

“ಸುಮ್ಮ ತಿನ್ನು ಚಾಚಾ,” ಎಂದಳು ಅವ್ವ. “ಆಕಿ ಬರದದ್ದಕ್ಕಿಂತಾ ಮೆತ್ತಗದ.”

ಸಾಹೇಬರು ಜೀಪಿನಲ್ಲಿ ಬಂದರು. ಕುರ್ಚಿಯ ಮೇಲೆ ನನ್ನ ಹಾಳೆ ಕಲ್ಲಿನ ಕೆಳಗೆ ಒಂದೇ ಗೀಟಿಲ್ಲದೆ ಬಿದ್ದಿತ್ತು.

“ಲಾರಿ ಇಲ್ಲೇನು ಬೇಟಿ?”

“ಅದಾವ್ರಿ. ನಿಂತಾವ.”

“ನಿಂತ ಲಾರಿಗೆ ಕಾಲಂ ಇಲ್ಲ.”

ಅವ್ವ ಹೆಂಚಿನಿಂದ ತಲೆ ಎತ್ತಲಿಲ್ಲ. “ಓಡೂ ಲಾರಿ ನನಗೇನ್ ಕೊಡ್ತದರಿ ಸಾಹೇಬ್ರ? ಧೂಳು. ನಿಂತದ್ದರ ಮ್ಯಾಲ ನಮ್ಮ ಒಲಿ ನಡೀತದ. ಕೂಡ್ರಿ, ಉಣ್ರಿ.”

ಸಾಹೇಬರು ಕೂತರು. ನಾನು ರೊಟ್ಟಿ ಬಡಿಯುತ್ತಲೇ ಕೇಳಿದೆ: ಬೈಪಾಸ್ ಆದರೆ ಅದರ ಮೇಲೆ ಲಾರಿಗಳು ಎಲ್ಲಿ ನಿಲ್ಲುತ್ತವೆ? ನಿಲ್ಲಬಾರದೆಂದೇ ಅಲ್ಲವೇ ಬೈಪಾಸ್ ಎಂದರು. “ಡ್ರೈವರ್ ಉಣ್ಣಂಗಿಲ್ಲೇನ್ರಿ?” ಎಂದೆ. ಅವರು ಕೈಯಲ್ಲಿದ್ದ ತುತ್ತನ್ನು ನೋಡಿದರು. ಬಹಳ ಹೊತ್ತು ಅಗಿದರು. ಕೊನೆಗೆ ಹೇಳಿದರು: ಬೈಪಾಸಿನ ಪಕ್ಕ ಲಾರಿ ನಿಲ್ದಾಣ ಬೇಕೆಂದು, ಅಲ್ಲಿ ರಸ್ತೆಬದಿಯವರಿಗೆ ಮಳಿಗೆ ಬೇಕೆಂದು ಬರೆದುಕೊಡು, ಕಲ್ಯಾಣದ ಲಾರಿ ಮಾಲೀಕರ ಸಹಿ ಇದ್ದರೆ ಬೆಂಗಳೂರಿನಲ್ಲಿ ರಸ್ತೆ ಇಲಾಖೆಯ ದೊಡ್ಡ ಸಾಹೇಬರು ಓದುತ್ತಾರೆ, ಬರೀ ನಿನ್ನ ಸಹಿ ಇದ್ದರೆ ಓದುವುದಿಲ್ಲ.

ಬರೀ ನನ್ನ ಸಹಿಯ ಬೆಲೆ ನನಗೆ ಗೊತ್ತಿತ್ತು. ಐನೂರು ಪ್ರತಿ.

೨೦ ಫೆಬ್ರವರಿ

ಬೆರಳು ಸುಟ್ಟಿವೆ. ಬರೆಯಲಾಗುತ್ತಿಲ್ಲ. ಅವ್ವ ಎಣ್ಣೆ ಹಚ್ಚಿ ಚೆನ್ನಾಗಿ ಬೈದಳು. ಬೆಕ್ಕಿಗಲ್ಲ, ನನಗೆ.

೨೬ ಫೆಬ್ರವರಿ, ಬಸವಕಲ್ಯಾಣದಿಂದ ಬಂದು

ಲಾರಿ ಚಕ್ರದ ಕೆಳಗಿನ ಊರಿನ ಪರವಾಗಿ ಬರೆದವಳು ಲಾರಿ ಮಾಲೀಕರ ಸಹಿ ಕೇಳಲು ಮನೆ ಮನೆ ತಿರುಗಿದೆ. ಕೋಟೆಯಿಂದ ಹೆದ್ದಾರಿಯ ಕಡೆಗೆ ಬರುವ ರಸ್ತೆಯುದ್ದಕ್ಕೂ ಬಿಚ್ಚಿಟ್ಟ ಇಂಜಿನ್ನುಗಳು, ಬಾಡಿ ಕಟ್ಟುವ ಬಡಿಗರು, ಹಿಂಬದಿಯ ಹಲಗೆಗೆ ನವಿಲು ಬರೆಯುವವರು. ಒಬ್ಬ ನವಿಲಿನ ಕಣ್ಣಿಗೆ ಬಣ್ಣ ಹಚ್ಚುವುದನ್ನು ನಿಂತು ನೋಡಿದೆ. ಚೆನ್ನಾಗಿತ್ತು. ಕೆಲಸದ ಮಧ್ಯೆ ಕಾಲಹರಣ, ಒಪ್ಪಿಕೊಳ್ಳುತ್ತೇನೆ.

ಮೊದಲು ಅಶೋಕಕುಮಾರನ ಮನೆಗೆ ಹೋದೆ. ಅವನ ಅಪ್ಪ ಕಾಶಿರಾಮ ಕನ್ನಡಕ ಏರಿಸಿ ನನ್ನ ಅರ್ಜಿ ಓದಿದರು, ಆಮೇಲೆ ನನ್ನ ಮುಖ ಓದಿದರು.

“ಲಾರಿ ಮಾಲೀಕರು ಊರಿನ ರಕ್ತ ಹೀರೂ ಉಣ್ಣಿಗಳು ಅಂತ ಬರದಾಕಿ ನೀನೇ ಅಲ್ಲೇನವಾ? ಯುನೂಸ್ ರೊಟ್ಟಿ ಕಟಿಗೊಂಡು ಬಂದಿದ್ದ. ಹಿಂಡಿ ಹತ್ತಿದ್ರೂ ಪೂರಾ ಓದೀನಿ.”

“ಹೌದ್ರಿ. ನಾನೇ.”

“ಈ ಉಣ್ಣಿ ಸಹಿ ಎಲ್ಲಿ ಮಾಡಬೇಕು, ತೋರ್ಸು.”

ಪೂರ್ತಿ ಓದಿದ ಒಬ್ಬನೇ ಓದುಗ. ಶತ್ರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು.

ಅಶೋಕಕುಮಾರನ ಅವ್ವ ಗಯಾಬಾಯಿ ಊಟ ಮಾಡದೆ ಬಿಡಲಿಲ್ಲ. ಬಡಿಸುತ್ತ ಹೇಳಿದರು: “ನೀ ಮಾಣಿಕಮ್ಮನ ಮಗಳಾ? ನಾ ನಿಮ್ಮವ್ವಗ ನೋಡೇ ಇಲ್ಲ. ಖರೆ ಗಾಡಿ ವಾಪಸ್ ಬಂದ ಕೂಡ್ಲೇ ನಾ ಕೇಳೋದು ಒಂದೇ ಮಾತು: ಹುಮನಾಬಾದದಾಗ ಉಂಡಿಯೇನು? ಉಂಡೀನಿ ಅಂದ್ರ ಅವ ನಿದ್ದಿಗಣ್ಣಿಲೆ ಗಾಡಿ ಹೊಡದಿಲ್ಲ ಅಂತ ಗೊತ್ತಾಗ್ತದ. ಹೋದ ವಾರ ಯುನೂಸ್ ಅಂದ, ಖಾನಾವಳಿ ಬಂದ್ ಅದ ಅಂತ. ಎಲ್ಲಿ ಇಡ್ತೀರಿ ಇನ್ನ ಮ್ಯಾಲ?”

‘ಇಡ್ತೀರಿ’ ಎಂದರು. ನಾನೂ ಸೇರಿದ ಹಾಗೆ. ತಿದ್ದಲು ಹೋಗಲಿಲ್ಲ, ಬಾಯಲ್ಲಿ ಅನ್ನವಿತ್ತು.

ಸಂಜೆಯ ಹೊತ್ತಿಗೆ ಎರಡು ಹಾಳೆ ಸಹಿ ತುಂಬಿತು. ಅಶೋಕಕುಮಾರ ಬಸ್ ನಿಲ್ದಾಣದವರೆಗೆ ಬಂದ. ಬಸ್ಸು ಬಹಳ ತಡವಾಯಿತು. ಬೇಸರವಾಗಲಿಲ್ಲ.

೪ ಮಾರ್ಚ್, ಹುಮನಾಬಾದ್

ಸಭೆ. ಬೆಂಗಳೂರಿನಿಂದ ದೊಡ್ಡ ಸಾಹೇಬರು ಬಂದು ಪ್ರವಾಸಿ ಮಂದಿರದ ಗೋಡೆಗೆ ನಕ್ಷೆ ತೂಗುಹಾಕಿದರು. ಎಣಿಕೆಯ ಪ್ರಕಾರ ಬೈಪಾಸ್ ಸೂಕ್ತ ಎಂದರು. ಎಲ್ಲಿ ಎಂಬುದಕ್ಕೆ ಕೆಂಪು ಗೆರೆ ಇತ್ತು. ನಮ್ಮ ಬಂಡಿದಾರಿ, ಒಂದು ತಿರುವೂ ಬಿಡದೆ. ಕಾಕಾನ ಟವೆಲ್ ತೋರಿದ ಹಾದಿಯನ್ನೇ ಇಡೀ ಇಲಾಖೆ ಒಪ್ಪಿಕೊಂಡಿತ್ತು. ಕಾಕಾ ನಕ್ಷೆಯಲ್ಲಿ ತಮ್ಮ ಕಡಲೆ ಹೊಲ ಹುಡುಕಿ, ಸಿಕ್ಕ ಮೇಲೆ ಕೂತುಬಿಟ್ಟರು.

ನನ್ನ ಕರಪತ್ರ ಗೆದ್ದಿತು. ಹಿಂದಿನ ಸಾಲಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಟೀಚರ್ ಒಬ್ಬರೇ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದು ಸರಿಯಿತ್ತು. ನಾನೂ ತಟ್ಟಬೇಕಿತ್ತು. ಕೈಯಲ್ಲಿ ಅರ್ಜಿ ಇತ್ತು.

ಎದ್ದು ನಿಂತೆ. ಭಾಷಣ ಬರೆದುಕೊಂಡು ಹೋಗಿದ್ದೆ, ಮೊದಲ ವಾಕ್ಯದಲ್ಲೇ ‘ಐತಿಹಾಸಿಕ’ ಎಂಬ ಪದವಿತ್ತು. ಅದು ಬಿಟ್ಟು, “ಸರ್, ಲಾರಿ ಎಲ್ಲಿ ನಿಲ್ಲಬೇಕು?” ಎಂದೆ.

“ಬೈಪಾಸಿನ ಉದ್ದೇಶವೇ ನಿಲ್ಲದೆ ಹೋಗುವುದಮ್ಮಾ.”

“ಹುಟ್ಟಿದ ಮನಷ್ಯಾ ಎಲ್ಲ್ಯಾರ ನಿಂತು ಉಣ್ಣಬೇಕಲ್ರಿ ಸರ್. ಇಲ್ಲಿ ಒಂದು ನಿಲ್ದಾಣ ಬೇಕು. ರಸ್ತೆಬದಿ ದಂಧೆ ಕಳಕೊಂಡವರಿಗೆ ಅಲ್ಲೇ ಮಳಿಗಿ ಬೇಕು.” ಅರ್ಜಿ ಕೊಟ್ಟೆ. ಪರಿಶೀಲಿಸುತ್ತೇವೆ, ಕೂತುಕೊಳ್ಳಿ ಎಂದರು. ಕೂಡಲಿಲ್ಲ. ನಿಂತೇ ಇದ್ದೆ. ಜಲಾಲುದ್ದೀನ್ ಸಾಹೇಬರು ಛಾವಣಿ ನೋಡುತ್ತಿದ್ದರು, ತುಟಿಯಲ್ಲಿ ನಗು ಇತ್ತು.

ಆಗ ಮಹಾರುದ್ರಪ್ಪ ಕಾಕಾ ಎದ್ದು ನನ್ನ ಪಕ್ಕ ಬಂದು ನಿಂತರು. “ಆಕಿ ಕೇಳಿದ್ದಕ್ಕ ಉತ್ತರಾ ಕೊಡ್ರಿ ಸಾಹೇಬ್ರ. ಹೊಲಾ ನಂದೇ ಹೋಗೂದದ. ಹೋಗೂದೇ ಇದ್ರ ಒಂದು ಮೂಲಿ ಆಕಿಗಿ ಬಿಡ್ರಿ.” ಅವರ ಹಿಂದೆ ಸಂಘದವರೂ ಒಬ್ಬೊಬ್ಬರಾಗಿ ಎದ್ದರು.

ದೊಡ್ಡ ಸಾಹೇಬರು ನಕ್ಷೆಯ ಕಡೆ ಬಗ್ಗಿ ಕೆಂಪು ಗೆರೆಯ ಮಗ್ಗುಲಿಗೆ ಒಂದು ಸಣ್ಣ ಚೌಕ ಬರೆದರು. “ಗುರುತು ಹಾಕಿದ್ದೇನೆ. ಆಯ್ತಲ್ಲ?”

ಓಡಿಕೊಂಡೇ ಮನೆಗೆ ಬಂದೆ. ಅವ್ವ ರೊಟ್ಟಿ ಬಡಿಯುವ ಮರದ ಕೊಣಮಿಗೆಯಲ್ಲಿ ಹಿಟ್ಟು ಹರವಿಕೊಂಡು ಕೂತಿದ್ದಳು.

“ಏನಾತು?”

“ಗುರ್ತು ಹಾಕ್ಯಾರ ಅವ್ವಾ! ನಕಾಶಿ ಮ್ಯಾಗ, ಚೌಕ!”

“ಪೆನ್ನಿಲೇನು, ಪೆನ್ಸಿಲ್ಲಿಲೇನು?”

ನೆನಪು ಮಾಡಿಕೊಂಡೆ. “ಪೆನ್ಸಿಲ್ಲಿಲೆ.”

ಅವ್ವ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. “ಸಾಹೇಬ ಬೆಂಗಳೂರಿಗಿ ಯಾವಾಗ ಹೋಗ್ತಾನ?”

“ನಾಡಿದ್ದು. ನಾಳಿ ಬೀದರದಾಗ ಇರ್ತಾರ.”

“ನಾಳಿ ಹೋಗಿ ಪೆನ್ನಿಲೆ ಬರಸ್ಕೊಂಡು ಬಾ. ಎಷ್ಟು ದೊಡ್ಡದಿತ್ತು ಚೌಕ?”

ಹಿಟ್ಟಿನ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ಅವಳು ತಲೆ ಓರೆ ಮಾಡಿ ನೋಡಿದಳು. “ಇಷ್ಟ ಜಾಗಾದಾಗ ಎರಡು ಒಲಿ ಹ್ಯಾಂಗ ಕೂಡ್ತಾವ?” ಎಂದು ನನ್ನ ಚೌಕದ ಸುತ್ತ ಇನ್ನೊಂದು ದೊಡ್ಡ ಚೌಕ ಎಳೆದಳು. “ಇಷ್ಟು ಬರಸು.”

ಎರಡನೆಯ ಒಲೆ ಯಾರದೆಂದು ಕೇಳಲು ಹೊತ್ತಿರಲಿಲ್ಲ. ಬೀದರಿಗೆ ಮೊದಲ ಬಸ್ಸಿಗೇ ಹೋಗಬೇಕು. ಅದಕ್ಕೂ ಮೊದಲು ನಾಳೆಯ ಹಿಟ್ಟು ಸಾಣಿಸಿಡಬೇಕು.